ನೀರಿನ ಟ್ಯಾಂಕಿನ ಮೇಲೆ ಹುಟ್ಟಿದ ಚಂದ್ರ

ಹೋದ ತಿಂಗಳ ಸಂಕಷ್ಟಿಯಂದು ಉತ್ತರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಚಂದ್ರರು ಹುಟ್ಟಿದರು. ಒಬ್ಬ ಮೋಡದ ಹಿಂದೆ, ಇನ್ನೊಬ್ಬ ನಾಗರಾಜರ ಕ್ಯಾಮೆರಾದಲ್ಲಿ. ನಮ್ಮತ್ತೆ ಎರಡನೆಯವನನ್ನು ನೋಡಿ ಊಟ ಮಾಡಿಬಿಟ್ಟರು.

(ಮೋಡವಿದ್ದರೆ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಟೈಮ್ ನೋಡಿ ಊಟಕ್ಕೆ ಕೂರುವವರಿದ್ದಾರೆ. ನಮ್ಮತ್ತೆ ಆ ಪಾರ್ಟಿಯಲ್ಲ. ಚಂದ್ರ ಕಾಣದೆ ಒಂದು ತುತ್ತೂ ಇಲ್ಲ. ಆ ವ್ರತ ಒಮ್ಮೆಯೂ ತಪ್ಪಿಲ್ಲ ಎನ್ನುವುದೇ ಅವರ ಹೆಮ್ಮೆ.)

ಟೆರೇಸಿನಲ್ಲಿ ಅತ್ತೆ ಹಸಿದು ನಿಂತಿದ್ದರು. ಜೊತೆಗೆ ನಾನೂ. ನನ್ನದು ವ್ರತವಲ್ಲ, ಅವರು ಉಣ್ಣದೆ ನಮ್ಮ ಮನೆಯಲ್ಲಿ ಯಾರಿಗೂ ಬಡಿಸುವುದಿಲ್ಲ, ಅಷ್ಟೇ. ಆಗ ಬಂದರು ನಾಗರಾಜ್, ನಮ್ಮ ಅಸೋಸಿಯೇಶನ್ ಅಧ್ಯಕ್ಷರು. ಕೊರಳಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಸ್ಟ್ಯಾಂಡ್ ಹಾಕಿ, ಆಕಾಶಕ್ಕೆ ಗುರಿಯಿಟ್ಟು, ಅರ್ಧ ನಿಮಿಷ ಉಸಿರು ಬಿಗಿಹಿಡಿದು ಒಂದು ಫೋಟೋ ತೆಗೆದರು. ಮೂಲೆಯಲ್ಲಿ ಬೆಳ್ಳಗೆ ಒಂದು ಚುಕ್ಕೆ!

"ಇಷ್ಟು ಸಣ್ಣಗಿದಾನಲ್ಲಪ್ಪಾ?" ಎಂದರು ಅತ್ತೆ.

"ಮೋಡ ಅಡ್ಡ ಇದೆಯಲ್ಲಮ್ಮಾ, ಅದಕ್ಕೆ. ಕ್ಯಾಮೆರಾ ಸುಳ್ಳು ಹೇಳಲ್ಲ."

ಅತ್ತೆ ಕೈಮುಗಿದು ಅರ್ಘ್ಯ ಬಿಟ್ಟರು. ನಾಗರಾಜ್ ಅದರದ್ದೂ ಒಂದು ಫೋಟೋ ತೆಗೆದರು. ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದವನು ನಾನು.

ಬೆಳಿಗ್ಗೆ ಆ ಅರ್ಘ್ಯದ ಫೋಟೋ ಅಸೋಸಿಯೇಶನ್ನಿನ ವಾಟ್ಸಾಪ್ ಗ್ರೂಪಿಗೆ ಬಂತು. ಅತ್ತೆಯ ಹಿಂದೆ ಕರಿ ನೀರಿನ ಟ್ಯಾಂಕ್. ಟ್ಯಾಂಕಿನ ಮೈಮೇಲೇ, ಫೋಟೋದ ಅದೇ ಮೂಲೆಯಲ್ಲಿ, ಅದೇ ಚಂದ್ರ!

ಕೇಳಿದರೆ ನಾಗರಾಜರಿಗೆ ನಾಚಿಕೆಯೂ ಇಲ್ಲ. ನಮ್ಮ ಹಾಲ್‌ನಲ್ಲಿ ಕೂತು ಕ್ಲಾಸೇ ತೆಗೆದುಕೊಂಡರು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳೆಲ್ಲ ಒಂದೇ ಸಮ ಇರುವುದಿಲ್ಲವಂತೆ. ಅದೇ ಬೆಳಕಿಗೆ ಒಂದು ಜಾಸ್ತಿ ತೋರಿಸುತ್ತದೆ, ಇನ್ನೊಂದು ಕಮ್ಮಿ. ಕೆಲವಂತೂ ಬೆಳಕೇ ಇಲ್ಲದೆ ಹೊಳೆಯುತ್ತವೆ. (ಇದನ್ನು ಹೇಳುವಾಗ ಅಧ್ಯಕ್ಷರ ಮುಖ ಗಂಭೀರವಾಗಿಯೇ ಇತ್ತು.) ಪರಿಹಾರವೂ ಇದೆ. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಒಂದು ಫೋಟೋ ತೆಗೆಯಬೇಕು. ಅದರಲ್ಲಿ ಏನು ಕಂಡರೂ ಕ್ಯಾಮೆರಾದ ಸ್ವಂತ ಸೃಷ್ಟಿ, ಅದನ್ನು ಅಸಲಿ ಫೋಟೋದಿಂದ ಕಳೆಯಬೇಕು. ಆಮೇಲೆ ಒಂದೇ ಸಮ ಬೆಳಕು ಬಿದ್ದ ಬಿಳಿ ಹಾಳೆಯದ್ದೊಂದು ಫೋಟೋ. ಸೋಮಾರಿ ಪಿಕ್ಸೆಲ್ ಯಾವುದು, ಅತಿ ಉತ್ಸಾಹಿ ಯಾವುದು ಎಂದು ಅದರಲ್ಲಿ ಗೊತ್ತಾಗುತ್ತದೆ. ಅದಕ್ಕೆ ತಕ್ಕಂತೆ ಒಂದೊಂದನ್ನೂ ಏರಿಸಿ ಇಳಿಸಿದರೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಮಾಡಿಯೂ ತೋರಿಸಿದರು. ಆಕಾಶ ನುಣ್ಣಗಾಯಿತು. ಚಂದ್ರ ಮಾಯ.

"ಹಾಗಾದ್ರೆ ನಾನು ಅರ್ಘ್ಯ ಬಿಟ್ಟಿದ್ದು ಯಾರಿಗಪ್ಪಾ?"

ನಾಗರಾಜ್ ಲ್ಯಾಪ್‌ಟಾಪ್ ಮುಚ್ಚಿದರು. ಅತ್ತೆಯ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಈ ಸಂಕಷ್ಟಿಗೂ ಮೋಡ. ನಾಗರಾಜ್ ಮತ್ತೆ ಕ್ಯಾಮೆರಾ ತಂದರು. ಅತ್ತೆ ಕೈ ಅಡ್ಡ ಹಿಡಿದರು.

"ಮೊದ್ಲು ಮುಚ್ಚಳ ಹಾಕಿ ತೆಗಿಯಪ್ಪಾ. ಆಗ್ಲೂ ಚಂದ್ರ ಕಂಡ್ರೆ ನಂಗೆ ಊಟ ಬೇಡ."

ಬೆಳಕಿಲ್ಲದೆ ಹೊಳೆಯುವವರನ್ನು ಪತ್ತೆಹಚ್ಚಲು ಇಷ್ಟು ಸುಲಭದ ಉಪಾಯ ಇರುವಾಗ, ಅಸೋಸಿಯೇಶನ್ ಚುನಾವಣೆಗೂ ಇದನ್ನೇ ಯಾಕೆ ಬಳಸಬಾರದು?