ಮೊಸರಿನ ಗಡಿಗೆ ಕೂತ ಜೀಪು

ಪೆಟ್ರೋಲ್ ಉಳಿಯಲೆಂದು ಆಫೀಸಿನವರು ನಮ್ಮ ಜೀಪಿಗೆ ಹೊಸ ಮೀಟರೊಂದನ್ನು ಕೂಡಿಸಿದ್ದರು. ಹದವಾಗಿ ಓಡಿಸಿದರೆ ಮುಳ್ಳು ಹಸಿರಿನಲ್ಲಿರುತ್ತದೆ, ಆಕ್ಸಿಲರೇಟರ್ ಜೋರಾಗಿ ತುಳಿದರೆ ಕೆಂಪಿಗೆ ಹೋಗುತ್ತದೆ. ಡ್ರೈವರ್ ಮೆಹಬೂಬಸಾಬರಿಗೆ ಅದು ಅವಮಾನ.

"ಇಪ್ಪತ್ತು ವರ್ಷದಿಂದ ಗಾಡಿ ಹೊಡ್ಯಾಕತ್ತೇನ್ರಿ ಸಾಹೇಬ್ರ. ಈ ಡಬ್ಬಿ ನನಗ ಕಲಿಸ್ತದೇನ್ರಿ?" ಎಂದು ಅದರ ಮೇಲೆ ಟವೆಲ್ ಹೊದಿಸಿಬಿಟ್ಟರು.

ಅಫಜಲಪುರಕ್ಕೆ ಹೋಗುವಾಗ ಗೊಬ್ಬೂರಿನ ಹತ್ತಿರ ಒಬ್ಬ ಮುದುಕಿ ಕೈಮಾಡಿದಳು. ತೊಡೆಯ ಮೇಲೆ ಮೊಸರಿನ ಗಡಿಗೆ ಇಟ್ಟುಕೊಂಡು ಹಿಂದೆ ಕೂತಳು.

"ಬಸುರಿ ಮಗಳ ಕುಬಸ ಅದ. ಚೆಲ್ಲಬಾರ್ದು ನೋಡಪ್ಪಾ."

"ಆಗ್ಲಿ ಅವ್ವಾ."

ಅಷ್ಟೇ. ಸಾಬರು ತಗ್ಗು ಬರುವ ಮೊದಲೇ ಕಾಲು ಸಡಿಲಿಸಿದರು. ಎತ್ತಿನ ಗಾಡಿಯ ಹಿಂದೆ ಹಾರ್ನ್ ಹೊಡೆಯದೆ ಕಾದರು. ನಾನು ಮೆಲ್ಲಗೆ ಟವೆಲ್ ಎತ್ತಿದೆ. ಮುಳ್ಳು ಹಸಿರಿನಲ್ಲಿ ಅಲುಗಾಡದೆ ನಿಂತಿತ್ತು. ಅವರೂ ಓರೆಗಣ್ಣಿನಲ್ಲಿ ನೋಡಿದರು.

ಮುಂದಿನ ವಾರ ಜೀಪು ಹತ್ತಿದರೆ ಟವೆಲ್ ಇರಲಿಲ್ಲ. ನನ್ನ ಸೀಟಿನ ಮೇಲೆ ನೀರು ತುಂಬಿದ ತಂಬಿಗೆಯಿತ್ತು.

"ಮೀಟರ್ ಖರೇನ ಹೇಳ್ತದ್ರಿ, ಆದ್ರ ಆ ಅವ್ವನಂಗ ಕೇಳೋ ರೀತಿ ಅದಕ್ಕ ಗೊತ್ತಿಲ್ಲ. ನೀವು ಇದನ್ನ ತೊಡಿ ಮ್ಯಾಲ ಹಿಡಕೊಂಡು ಕೂಡ್ರಿ."

ಆಳಂದಕ್ಕೂ ಜೇವರ್ಗಿಗೂ ಹಾಗೆಯೇ ತಿರುಗಿದೆ. ಪ್ಯಾಂಟು ಒದ್ದೆಯಾದದ್ದು ಎರಡೇ ಸಲ.