ಹೊತ್ತು ಮುಳುಗಿದ ಮೇಲೆ ಬಂದ ಅತಿಥಿಗಳು

ಅರುವತ್ತರ ದಶಕದ ಆರಂಭದಲ್ಲಿ ನಾನು ಮೂಡುಬಿದಿರೆಯ ಹೈಸ್ಕೂಲಿನಿಂದ ಒಳ್ಳೆಯ ಅಂಕ ತೆಗೆದು ಪಾಸಾದೆ. ಇಂಗ್ಲಿಷ್ ಬರೆಯಲು ಬರುತ್ತಿತ್ತು, ಮಾತಾಡಲು ಬಾಯಿಯೇ ಏಳುತ್ತಿರಲಿಲ್ಲ. ನನಗೋ ಮಂಗಳೂರಿನ ಕಾಲೇಜಿಗೆ ಹೋಗಲೇಬೇಕಿತ್ತು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ. ನಮ್ಮದು ಅಳಿಯಸಂತಾನದ ಜೈನರ ಮನೆ. ಅಮ್ಮನ ಅಣ್ಣನೇ ಯಜಮಾನ; ಮಾವ ಹೂಂ ಎನ್ನದೆ ಯಾರೂ ಅಂಗಳ ದಾಟುವಂತಿರಲಿಲ್ಲ.

"ಅಲ್ಲಿ ಹೋಗಿ ಮೂಗಿಯ ಹಾಗೆ ಕೂತ್ಕೊಳ್ಳಲಿಕ್ಕೆ ಯಾಕೆ ಕಳಿಸುವುದು? ಮೊದಲು ಬಾಯಿ ಬಿಡು, ಮತ್ತೆ ನೋಡುವ," ಎಂದರು. ನನಗೆ ಮೈಯೆಲ್ಲ ಉರಿಯಿತು.

ಆ ಬೇಸಗೆಯಲ್ಲಿ ಸಾವಿರ ಕಂಬದ ಬಸದಿಯ ಕಂಬಗಳನ್ನು ಅಳೆದು ಚಿತ್ರ ಬರೆದುಕೊಳ್ಳಲು ಹೊರದೇಶದ ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ಒಬ್ಬ ಜರ್ಮನಿಯವನು, ಒಬ್ಬ ಜಪಾನಿನವನು. ಮಾವ ತಮ್ಮಲ್ಲಿದ್ದ ನಾಲ್ಕು ಇಂಗ್ಲಿಷ್ ಶಬ್ದ ಖರ್ಚು ಮಾಡಿ, ದಿನಾ ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ಕೂತು ನನ್ನ ಜೊತೆ ಮಾತಾಡಲು ಅವರನ್ನು ಒಪ್ಪಿಸಿದರು. ಇಂಗ್ಲಿಷ್ ಅವರಿಗೂ ತಾಯಿಮಾತಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಜಪಾನಿನವನು ಕಣ್ಣು ಮುಚ್ಚಿ ವಾಕ್ಯ ಜೋಡಿಸಿಕೊಳ್ಳುತ್ತಿದ್ದ. ಜರ್ಮನಿಯವನು ಶಬ್ದ ಸಿಗದಿದ್ದರೆ ಕೈಯಾಡಿಸಿ ಮುಗಿಸುತ್ತಿದ್ದ. ಆದರೂ ನಾನು ಯೆಸ್, ನೋ ದಾಟಲಿಲ್ಲ. ಮಾವ ಪೇಪರಿನ ಮರೆಯಿಂದ ನನ್ನನ್ನೇ ನೋಡುತ್ತಿದ್ದರಲ್ಲ, ಗೊತ್ತಿದ್ದ ಶಬ್ದವೂ ಮರೆತುಹೋಗುತ್ತಿತ್ತು.

ಅವರು ಊರು ಬಿಡುವ ವಾರ ಮಾವನಿಗೆ ಉತ್ಸಾಹ ಬಂತು. "ಟುಮಾರೋ ಡಿನ್ನರ್, ಮೈ ಹೌಸ್," ಎಂದು ತಾವೇ ಕರೆದುಬಿಟ್ಟರು. ಗಂಟೆ ಹೇಳಲಿಲ್ಲ. ರಾತ್ರಿಯೂಟವನ್ನು ಹೊತ್ತು ಮುಳುಗುವ ಮೊದಲೇ ಮುಗಿಸುವ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ, ಅದನ್ನೂ ಹೇಳಬೇಕೆಂದು ಹೊಳೆಯುವುದಾದರೂ ಹೇಗೆ?

ಮರುದಿನ ಸಂಜೆ ಐದಕ್ಕೆ ಬಾಳೆಲೆ ಹಾಕಿ ಕಾದೆವು. ಸೂರ್ಯ ಇಳಿಯುತ್ತಾ ಬಂದ. ಕಡೆಗೆ ನಾವು ಉಂಡೆವು. ಉಳಿದದ್ದನ್ನು ಕೆಲಸದವರಿಗೆ ಕೊಟ್ಟು, ಒಲೆ ಆರಿಸಿ, ಪಾತ್ರೆ ತೊಳೆದು ಕವುಚಿ ಹಾಕಿದೆವು. ಕತ್ತಲಾದ ಮೇಲೆ ಬಂದರು ಇಬ್ಬರೂ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಟಾರ್ಚು ಹಿಡಿದುಕೊಂಡು. ಔತಣ ಉಣ್ಣಲೆಂದು ಮಧ್ಯಾಹ್ನ ಏನೂ ತಿನ್ನಲಿಲ್ಲ ಎಂದ ಜರ್ಮನಿಯವನು, ಹೊಟ್ಟೆ ಸವರಿಕೊಂಡು.

ಮಾವನ ಮುಖ ನೋಡಬೇಕಿತ್ತು. ಅತಿಥಿಗಳನ್ನು ಬರಿಹೊಟ್ಟೆಯಲ್ಲಿ ಕಳಿಸುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಮಾವನ ಇಂಗ್ಲಿಷ್ ಅಲ್ಲಿಗೆ ಮುಗಿದಿತ್ತು.

"ಹೇಳು ಮಾರಾಯ್ತಿ, ಎಂತಾದ್ರೂ ಹೇಳು!" ಎಂದರು ನನಗೆ.

ಹೇಳಿದೆ. ವ್ಯಾಕರಣ ಗೀಕರಣ ನೋಡಲಿಲ್ಲ. ದೀಪಕ್ಕೆ ಹುಳ ಬರುತ್ತದೆ, ಅನ್ನಕ್ಕೆ ಬೀಳುತ್ತದೆ, ಅದರ ಜೀವವೂ ಜೀವವೇ. ನನ್ನ ಅಜ್ಜಿಯ ಅಜ್ಜಿಯೂ ಕತ್ತಲಲ್ಲಿ ಉಂಡವಳಲ್ಲ. ತಪ್ಪು ನಿಮ್ಮದಲ್ಲ, ಗಂಟೆ ಹೇಳದ ನನ್ನ ಮಾವನದು. ಅವರಿಗೆ ಹಾಗೆ ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ, ನಾನು ಹೇಳುತ್ತಿದ್ದೇನೆ. ಅಂಕಲ್ ಎಂಬ ಶಬ್ದ ಕಿವಿಗೆ ಬಿದ್ದು ಮಾವ ಗಂಭೀರವಾಗಿ ತಲೆಯಾಡಿಸಿದರು. ಕರೆಂಟಿನ ದೀಪ ಬಂದ ಮೇಲೂ ಈ ನಿಯಮ ಯಾಕೆ ಎಂದು ಜಪಾನಿನವನು ಕೇಳಿದ. ಹುಳಕ್ಕೆ ಬಲ್ಬು ಇನ್ನೂ ಇಷ್ಟ ಎಂದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಖುಷಿಯಿಂದ ನನ್ನ ಎದೆ ಉಬ್ಬಿತು.

ಮಾವ ಶಾಲು ಹೆಗಲಿಗೆ ಹಾಕಿ ನಮ್ಮ ಮೂವರನ್ನೂ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋದರು. ಅತಿಥಿಗಳು ದೋಸೆಯ ಮೇಲೆ ದೋಸೆ ತಿಂದರು. ಮಾವನೂ ನಾನೂ ನೀರನ್ನೂ ಮುಟ್ಟದೆ ಎದುರು ಕೂತೆವು. ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಬಹಳ ಹೊತ್ತು ಕೇಳಿಸಿಕೊಂಡ ಮಾವ ನನ್ನತ್ತ ಬಾಗಿದರು.

"ಮಂಗಳೂರಿನ ಹಾಸ್ಟೆಲಿನಲ್ಲಿ ರಾತ್ರಿ ಎಂಟಕ್ಕೆ ಊಟವಂತೆ. ನಮಗೆ ಅದು ಆಗ್ಲಿಕ್ಕಿಲ್ಲ. ಹೊತ್ತು ಮುಳುಗುವ ಮೊದಲು ಬಡಿಸಬೇಕು ಅಂತ ವಾರ್ಡನ್ನಿಗೆ ನೀನೇ ಹೇಳ್ಬೇಕು. ಇಂಗ್ಲಿಷಿನಲ್ಲಿ."