ಸೀಸಕ್ಕೆ ಬೆಲ್ಲ

ನಮ್ಮ ಯಜಮಾನರ ಎರಡೂ ಕಿಡ್ನಿ ಸೊರಗಿವೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಿ.ಪಿ. ಗುಳಿಗೆ ನುಂಗಿರಿ ಎಂದು ವರ್ಷಗಟ್ಟಲೆ ಬಾಯಿ ಹರಿದುಕೊಂಡಿದ್ದೆ. ತಲೆ ನೋಯದಿದ್ದರೆ ಗುಳಿಗೆ ಯಾಕೆ ಎನ್ನುವ ಪೈಕಿ ಅವರು.

ಕಸುಬೇನು ಎಂದು ಡಾಕ್ಟರು ಕೇಳಿದರು. ಝಳಕಿಯ ಹೈವೇ ಮೇಲೆ ಬ್ಯಾಟರಿ ಅಂಗಡಿ, ಅಣ್ಣತಮ್ಮಂದಿರು ಕೂಡಿ ನಡೆಸುತ್ತಾರೆ ಎಂದೆ. ಲಾರಿ, ಟ್ರ್ಯಾಕ್ಟರುಗಳ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಭಟ್ಟಿಯಲ್ಲಿ ಕರಗಿಸಿ, ಎರಕ ಹೊಯ್ದು ಮತ್ತೆ ಜೋಡಿಸುವ ಕೆಲಸ. ಪರೀಕ್ಷೆಗೆ ರಕ್ತ ಪುಣೆಗೆ ಹೋಯಿತು. ಅದರಲ್ಲಿ ಸೀಸ ಮಿತಿಮೀರಿತ್ತು.

ಕಿಡ್ನಿ ಗಟ್ಟಿ ಇದ್ದವರ ಮೈಯಿಂದ ಸೀಸ ಅಷ್ಟಿಷ್ಟು ಮೂತ್ರದಲ್ಲಿ ಹೊರಗೆ ಹೋಗುತ್ತದಂತೆ. ಇವರ ಮೈಯಿಂದ ಸರಿಯಾಗಿ ಹೋಗದೆ ಒಳಗೇ ಕೂಡುತ್ತದೆ, ಕೂಡಿದ್ದು ಕಿಡ್ನಿಯಲ್ಲಿ ಉಳಿದ ಕಸುವನ್ನೂ ತಿನ್ನುತ್ತದೆ. ಇನ್ನೂ ಸೀಸ ಮೈಯೊಳಗೆ ಹೋದರೆ ರಕ್ತ ತೊಳೆಯುವ ಮಷಿನ್ನಿಗೆ ಹಚ್ಚಬೇಕಾದೀತು ಎಂದರು. ಪಥ್ಯದ ಲೆಕ್ಕದಲ್ಲಿ ಬಾಳೆಹಣ್ಣು, ಬೆಲ್ಲವನ್ನೂ ಬಿಡಿಸಿದರು. ಮಷಿನ್ನಿನ ತನಕ ಇವರನ್ನು ಹೋಗಗೊಡುವುದಿಲ್ಲ ಎಂದು ನಾನು ಅಲ್ಲಿಯೇ ನಿಶ್ಚಯ ಮಾಡಿದೆ.

ಯಜಮಾನರು ತಕರಾರಿಲ್ಲದೆ ಭಟ್ಟಿ ಬಿಟ್ಟರು. ಅಂಗಡಿಯ ಮುಂಭಾಗದಲ್ಲಿ ಕುಳಿತು ಚಾರ್ಜಿಂಗ್ ನೋಡತೊಡಗಿದರು. ಮನೆಯಲ್ಲಿ ಹೋಳಿಗೆ ಮಾಡಿದರೆ ಸನ್ಯಾಸಿಯ ಮುಖ ಮಾಡಿ ತಾಟು ಸರಿಸುತ್ತಿದ್ದರು. ನಾನು ನಂಬಿದೆ. ಆದರೆ ಕೆಲವು ತಿಂಗಳ ಮೇಲೆ ರಕ್ತ ನೋಡಿಸಿದರೆ ಸೀಸ ಇಳಿಯುವುದಿರಲಿ, ಏರಿತ್ತು.

ಮರುದಿನ ಹೇಳದೆ ಕೇಳದೆ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಹೋದೆ. ಒಳಗೆ ಭಾವ, ಅಂದರೆ ಇವರ ಅಣ್ಣ, ಆಗಷ್ಟೇ ಎರಕ ಮುಗಿಸಿದ್ದರು. ಭಟ್ಟಿಯ ಮೇಲಿನ ಹಲಗೆಯಿಂದ ಮುಚ್ಚಳವಿಲ್ಲದ ಡಬ್ಬಿ ಇಳಿಯಿತು. ಅದರಲ್ಲಿ ಚಡಚಣದ ಬೆಲ್ಲ, ಮೇಲೆ ಬೂದುಬಣ್ಣದ ಧೂಳು. ಭಾವ ಒಂದು ಚೂರು ಬಾಯಿಗೆ ಹಾಕಿಕೊಂಡರು. ನಮ್ಮ ಸನ್ಯಾಸಿಗಳು ಎದ್ದು ಬಂದು ಎರಡು ಹೆಂಟೆ ತೆಗೆದುಕೊಂಡರು.

"ಏನ್ರಿ ಇದು?" ಎಂದೆ.

"ಬೆಲ್ಲ ತಿಂದ್ರ ಸೀಸ ಇಳದ್ ಹೋಗ್ತೈತಿ," ಎಂದರು. "ನನ್ನ ಮೈಯಾಗ ಭಾಳ ಐತಿ ಅಂದ್ರಲ್ಲ, ಅದಕ್ಕ ಜಾಸ್ತಿ ತಿನ್ನಾಕತ್ತೇನಿ. ಭಟ್ಟಿ ಅಂತೂ ಮುಟ್ಟಿಲ್ಲ."

"ನೀವು ಭಟ್ಟಿ ಮುಟ್ಟಿಲ್ಲ, ಖರೆ. ಭಟ್ಟಿ ನಿಮ್ಮ ಬೆಲ್ಲ ಮುಟ್ಟೇತಿ."

ಬ್ಯಾಟರಿ ಕಸುಬಿನವರೆಲ್ಲ ಹಾಗೆ ತಿನ್ನುತ್ತಾರೆ. ಗಂಟಲಿನ ಧೂಳು ಬೆಲ್ಲದ ಜೊತೆ ಇಳಿದು ಹೋಗುತ್ತದೆ ಎಂಬ ನಂಬಿಕೆ. ಅಂಟು ಬೆಲ್ಲದ ಮೇಲೆ ಕೂತ ಸೀಸದ ಧೂಳನ್ನು ಇವರು ಔಷಧ ಎಂದು ನುಂಗುತ್ತಿದ್ದರು.

ಭಾವ ನಕ್ಕರು. "ನಾ ಮೀಸಿ ಬರೂ ಮೊದಲಿಂದ ಸೀಸ ಕಾಸೇನಿ. ಬೆಲ್ಲ ತಿಂದಽ ಗಟ್ಟಿ ಅದೇನಿ. ನನಗೇನಾಗೇತಿ, ಕೇಳು ಆಕಿನ್ನ," ಎಂದು ತಮ್ಮನಿಗೆ ಹೇಳಿದರು. ನಮ್ಮಲ್ಲಿ ಭಾವನ ಜೊತೆ ನೇರ ಮಾತಿಲ್ಲ. ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲಬೇಕು, ಹೇಳುವುದನ್ನು ಅವರ ಹೆಂಡತಿ, ನಮ್ಮ ನೆಗೆಣ್ಣಿಯ ಬಾಯಿಂದ ಹೇಳಿಸಬೇಕು. ನಾನು ಸೆರಗು ಹೊದ್ದೇ ಅವರ ಎದುರಿಗೆ ಬಂದು ನಿಂತೆ.

"ನಿಮ್ಮ ಮನಿ ಬಚ್ಚಲಾ ಸರಳ ಹರೀತೈತ್ರಿ. ನಮ್ಮದು ಕಟ್ಟೇತಿ. ಎರಡರಾಗೂ ಅಷ್ಟಽ ನೀರು ಸುರುವಿದ್ರ ಯಾರ ಮನಿ ತುಂಬತೈತಿ, ನೀವಽ ಹೇಳ್ರಿ. ಭಟ್ಟಿ ಇಲ್ಲಿಂದ ಏಳೂತನಾ ಇವರು ಈ ಅಂಗಡ್ಯಾಗ ಕಾಲಿಡೂದಿಲ್ಲ."

ಯಜಮಾನರನ್ನು ಕರೆದುಕೊಂಡು ಮನೆಗೆ ಬಂದೆ. "ಅಣ್ಣನ ಮುಂದ ನನ್ನ ಮಾನ ತಗದಿ," ಎಂದವರು ಆಮೇಲೆ ನನ್ನೊಡನೆ ಮಾತು ಬಿಟ್ಟರು. ದುಃಖವಾಯಿತು, ಆದರೆ ಪಟ್ಟು ಬಿಡಲಿಲ್ಲ. ವಾರದೊಳಗೆ ಭಟ್ಟಿ ಭಾವನ ಹೊಲಕ್ಕೆ ಹೋಯಿತು, ಭಾವನೂ ಅದರ ಹಿಂದೆ ಹೋದರು. ನಾನು ಅಂಗಡಿಯ ಗೋಡೆ, ನೆಲ ಎಲ್ಲ ನೀರು ಹಾಕಿ ತೊಳೆಸಿ, ಸುಣ್ಣ ಬಳಿಸಿ, ಆಮೇಲೆ ಇವರನ್ನು ಕಳಿಸಿದೆ. ಅಲ್ಲಿ ತಿನ್ನುವುದು, ಕುಡಿಯುವುದು ಬಂದ್. ಊಟಕ್ಕೆ ಮನೆಗೇ ಬರಬೇಕು, ಅದೂ ಕೈಕಾಲು ತೊಳೆದು, ಅಂಗಿ ಬದಲಿಸಿ. ಬರುತ್ತಿದ್ದರು, ಉಣ್ಣುತ್ತಿದ್ದರು, ಮಾತಿಲ್ಲ.

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ಸೀಸ ಇಳಿದಿತ್ತು. ಸೊರಗಿದ ಕಿಡ್ನಿ ಮತ್ತೆ ಬಲಿಯುವುದಿಲ್ಲ, ಆದರೆ ಸದ್ಯಕ್ಕೆ ಮಷಿನ್ನು ಬೇಡ ಎಂದರು ಡಾಕ್ಟರು. ವಾಪಸು ಬರುವ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಪಕ್ಕ ಕುಳಿತಿದ್ದರು. ಝಳಕಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

"ಅಣ್ಣನ ರಕ್ತಾನೂ ಒಮ್ಮೆ ತೋರಸಬೇಕು," ಎಂದರು. "ಹೊಲದಾಗ ಒಬ್ಬನಽ ಕಾಸಾಕತ್ತಾನ. ನನ್ನ ಮಾತು ಕೇಳೂ ಪೈಕಿ ಅಲ್ಲ ಅಂವ. ನೀನಽ ಹೇಳು."